ಐಗೂರಿಗೆ ಸಿಗದ ಕರಾರು

ದುಬೈಯಲ್ಲಿ ಟ್ರೇಲರ್ ಓಡಿಸುವ ಚನ್ನರಾಯಪಟ್ಟಣದ ಹುಡುಗನೊಬ್ಬ ರಜೆಗೆ ಬಂದಾಗಲೆಲ್ಲ ಹಾಸನಕ್ಕೆ ಬಂದು ನನ್ನನ್ನು ಮಾತಾಡಿಸಿಕೊಂಡು ಹೋಗುತ್ತಾನೆ. ಹಳೆಯ ಶಿಷ್ಯ. ಕಳೆದ ಸಲ ಕಾಫಿ ಲೋಟ ಕೆಳಗಿಟ್ಟು ಕೇಳಿದ: “ಮೇಷ್ಟ್ರೇ, ಅಲ್ಲಿ ಒಂದೊಂದು ಊರಿಗೂ ಒಬ್ಬೊಬ್ಬ ದೊರೆ ಇನ್ನೂ ಅವ್ನೆ. ಅಜ್ಮಾನ್ ಅಂತ ಒಂದಿದೆ, ನಮ್ಮ ತಾಲ್ಲೂಕಿನಷ್ಟೂ ಇಲ್ಲ. ಅದಕ್ಕೂ ದೊರೆ, ಬಾವುಟ, ಎಲ್ಲ ಐತೆ. ನಮ್ಮ ಕಡೆ ಪಾಳೇಗಾರ್ರು ಮಾತ್ರ ಯಾಕ್ ಉಳೀಲಿಲ್ಲ?”

ಒಳ್ಳೆಯ ಪ್ರಶ್ನೆ. ಇತಿಹಾಸದ ಮೇಷ್ಟ್ರಾಗಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅಜ್ಮಾನ್ ಸುಮಾರು 260 ಚದರ ಕಿಲೋಮೀಟರ್. ನಮ್ಮ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವ ತಾಲ್ಲೂಕೂ ಅದಕ್ಕಿಂತ ದೊಡ್ಡದೇ. ಹಾಸನ ಜಿಲ್ಲೆ 6,800 ಚದರ ಕಿಲೋಮೀಟರ್ ದಾಟುತ್ತದೆ. ದುಬೈ ಎಮಿರೇಟ್ ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾದರೆ ಅಳತೆಯಲ್ಲಿ ಉತ್ತರವಿಲ್ಲ.

ನಮ್ಮ ಸೀಮೆಯಲ್ಲಿ ಚಿಕ್ಕ ದೊರೆಗಳಿಗೆ ಬರವೇನೂ ಇರಲಿಲ್ಲ. ಅರಕಲಗೂಡನ್ನು ಐಗೂರು ಮನೆತನದ ಕೃಷ್ಣಪ್ಪ ನಾಯಕ 1568ರ ಸುಮಾರಿಗೆ ಕಟ್ಟಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಚನ್ನರಾಯಪಟ್ಟಣದ ಕೋಟೆ ಹೊಳೆನರಸೀಪುರದ ನಾಯಕರದ್ದು. 1633ರಲ್ಲಿ ಅದು ಮೈಸೂರು ಒಡೆಯರ ಕೈಸೇರಿತು. ಆಮೇಲೆ ಅರಕಲಗೂಡೂ ಹೋಯಿತು. ಹೇಮಾವತಿಯ ಮೇಲ್ದಂಡೆಯ ಕಾಡಿನಲ್ಲಿ, ಇವತ್ತಿನ ಸಕಲೇಶಪುರದ ಕಡೆ, ಬಲಂ ಸೀಮೆಯ ಐಗೂರಿನವರು ಮಾತ್ರ ಬಹುಕಾಲ ಬಾಗುತ್ತ, ಏಳುತ್ತ, ಕಪ್ಪ ಕೊಡುತ್ತ, ಕೊಡದೆ ತಪ್ಪಿಸಿಕೊಳ್ಳುತ್ತ ಉಳಿದರು. ಟಿಪ್ಪು ಅಲ್ಲೇ ಮಂಜರಾಬಾದಿನ ನಕ್ಷತ್ರದಾಕಾರದ ಕೋಟೆ ಕಟ್ಟಿಸಿದ್ದು ಮಂಗಳೂರಿಗೆ ಇಳಿಯುವ ಘಟ್ಟದ ದಾರಿಯನ್ನು ಕಾಯುವುದಕ್ಕೆ.

ಮಂಗಳೂರಿನ ಮಾತು ಬಂತು, ಅರಬ್ಬರ ಮಾತಿಗೆ ಅಲ್ಲಿಂದಲೇ ದಾರಿ. ಟಿಪ್ಪು ಮಸ್ಕತ್‌ನಲ್ಲಿ ಒಂದು ವ್ಯಾಪಾರದ ಕೋಠಿ ಇಟ್ಟಿದ್ದ. ನಮ್ಮ ಮಲೆನಾಡಿನ ಏಲಕ್ಕಿ, ಮೆಣಸು, ಗಂಧ, ಅಕ್ಕಿ ಆ ಬಂದರಿನಲ್ಲಿ ಮಾರಾಟವಾಗುತ್ತಿದ್ದವು. ಅಲ್ಲಿಯ ತನ್ನ ಅಧಿಕಾರಿಗೆ ಅವನು ಬರೆಸಿದ ಪತ್ರಗಳಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ಕಳಿಸು, ಮುತ್ತು ತೆಗೆಯುವ ಮುಳುಗುಗಾರರನ್ನು ಕಳಿಸು ಎಂಬ ಅಪ್ಪಣೆಗಳಿವೆ. ಯುದ್ಧದ ನಡುವೆಯೂ ರೇಷ್ಮೆಯ ಯೋಚನೆ ಮಾಡುತ್ತಿದ್ದ ಆ ಮನಸ್ಸಿನ ಬಗ್ಗೆ ನನಗೆ ಬಹಳ ಗೌರವ.

ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಮಸ್ಕತ್‌ನ ಮೇಲೆ ಬಿದ್ದದ್ದಕ್ಕೂ ಮೈಸೂರೇ ಒಂದು ಕಾರಣ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಅಲ್ಲಿಂದ ಅವನು ಟಿಪ್ಪುವಿನ ಕೈಹಿಡಿದರೆ ಗತಿಯೇನು ಎಂದು ಮುಂಬಯಿ, ಕಲ್ಕತ್ತೆಗಳಲ್ಲಿ ನಿದ್ದೆಗೆಟ್ಟರು. ಅದೇ ಅಕ್ಟೋಬರಿನಲ್ಲಿ ಮಸ್ಕತ್‌ನ ದೊರೆಯಿಂದ ಕಂಪನಿ ಒಂದು ಕೌಲು ಬರೆಸಿಕೊಂಡಿತು: ಫ್ರೆಂಚರಿಗೆ ಜಾಗ ಕೊಡುವುದಿಲ್ಲ, ಅವರನ್ನು ಚಾಕರಿಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು. ಕೊಲ್ಲಿಯ ಕರಾವಳಿಯಲ್ಲಿ ಇಂಗ್ಲಿಷರು ಮಾಡಿಕೊಂಡ ಕರಾರುಗಳ ಸರಪಳಿಗೆ ಮೊದಲ ಕೊಂಡಿ ಇದೇ. ಮುಂದಿನ ಜನವರಿಯಲ್ಲಿ ನೆಪೋಲಿಯನ್ ಟಿಪ್ಪುವಿಗೆ ಕಾಗದ ಬರೆದು, ಅದನ್ನು ಮುಟ್ಟಿಸಿಕೊಡಿ ಎಂದು ಮಸ್ಕತ್‌ನ ದೊರೆಯನ್ನು ಕೇಳಿಕೊಂಡ. ಕಾಗದ ಅರೇಬಿಯಾದ ಕರಾವಳಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಅದು ಬರಲೇ ಇಲ್ಲ. ಮೇ 4ಕ್ಕೆ ಟಿಪ್ಪುವೂ ಇರಲಿಲ್ಲ.

ಇಲ್ಲಿ ಒಬ್ಬ ಮನುಷ್ಯನನ್ನು ಗಮನಿಸಬೇಕು. ಜಾನ್ ಮಾಲ್ಕಮ್ ಅಂತ. ಟಿಪ್ಪು ಬಿದ್ದ ಮೇಲೆ ಮೈಸೂರನ್ನು ಹಂಚಿ ಹೊಸ ವ್ಯವಸ್ಥೆ ಮಾಡಲು ಕೂತ ಕಮಿಷನ್ನಿಗೆ ಇಬ್ಬರು ಕಾರ್ಯದರ್ಶಿಗಳು, ಥಾಮಸ್ ಮನ್ರೋ ಮತ್ತು ಈ ಮಾಲ್ಕಮ್. 1799ರ ಜುಲೈ 8ರ ಕರಾರಿನಲ್ಲಿ ಐದು ವರ್ಷದ ಬಾಲಕ ಕೃಷ್ಣರಾಜ ಒಡೆಯರ ಹೆಸರಿಗೆ ರಾಜ್ಯ ಬಂತು. ಕಂಪನಿಯ ಸೈನ್ಯದ ಖರ್ಚಿಗೆಂದು ವರ್ಷಕ್ಕೆ ಏಳು ಲಕ್ಷ ವರಹ ಸಲ್ಲಿಸಬೇಕು, ಬೇರೆ ರಾಜ್ಯದೊಡನೆ ಕಂಪನಿಗೆ ತಿಳಿಯದೆ ಪತ್ರವ್ಯವಹಾರ ಕೂಡದು, ಒಪ್ಪಿಗೆ ಇಲ್ಲದೆ ಯಾವ ಯೂರೋಪಿನವನನ್ನೂ ಚಾಕರಿಗೆ ಇಟ್ಟುಕೊಳ್ಳಕೂಡದು. ಆರು ತಿಂಗಳು ಕಳೆದದ್ದೇ ತಡ, 1800ರ ಜನವರಿಯಲ್ಲಿ ಇದೇ ಮಾಲ್ಕಮ್ ಪರ್ಷಿಯಕ್ಕೆ ಹೋಗುವ ದಾರಿಯಲ್ಲಿ ಮಸ್ಕತ್‌ನಲ್ಲಿ ಇಳಿದು ಎರಡನೆಯ ಕರಾರು ಮಾಡಿಸಿದ. ಅದರಂತೆ ಕಂಪನಿಯ ಏಜೆಂಟನೊಬ್ಬ ಮಸ್ಕತ್‌ನಲ್ಲೇ ನೆಲೆಸಬೇಕಾಯಿತು. ಎರಡು ಕಾಗದಗಳಲ್ಲೂ ಸೂರ್ಯಚಂದ್ರರು ಇರುವ ತನಕ ಈ ಸ್ನೇಹ ಇರಲಿ ಎಂಬ ಮಾತು ಇದೆ, ನಮ್ಮ ಹೊಯ್ಸಳರ ದಾನಶಾಸನಗಳಲ್ಲಿ ಇರುವ ಹಾಗೆಯೇ. ಮೈಸೂರಿನ ಮಟ್ಟಿಗೆ ಅದು 32 ವರ್ಷ ನಡೆಯಿತು. 1831ರಲ್ಲಿ ನಗರ ಸೀಮೆಯ ದಂಗೆಯ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡ. ಹಣ ಸರಿಯಾಗಿ ಸಲ್ಲದಿದ್ದರೆ ರಾಜ್ಯವನ್ನು ವಹಿಸಿಕೊಳ್ಳಬಹುದೆಂಬ ಬಾಗಿಲನ್ನು ಕರಾರು ಬರೆದವರೇ ಮೊದಲ ದಿನವೇ ತೆರೆದಿಟ್ಟಿದ್ದರು.

ಈಗ ಐಗೂರಿಗೆ ಬರೋಣ. ಟಿಪ್ಪು ಸತ್ತ ಸುದ್ದಿ ಕೇಳಿ ಅಲ್ಲಿಯ ದೊರೆ ವೆಂಕಟಾದ್ರಿ ನಾಯಕ ತನ್ನ ಸೀಮೆ ತನಗೆ ಮರಳಿತೆಂದುಕೊಂಡ. ಮಸ್ಕತ್‌ನ ದೊರೆಯ ಹಾಗೆ ಅವನೂ ತನ್ನ ಮಣ್ಣಿನ ಹಳೆಯ ಯಜಮಾನ. ಆದರೆ ಅವನ ಬಾಗಿಲಿಗೆ ಕರಾರು ಹಿಡಿದು ಯಾರೂ ಬರಲಿಲ್ಲ. ಶ್ರೀರಂಗಪಟ್ಟಣದ ಕಾಗದದಲ್ಲಿ ಅವನ ಬೆಟ್ಟ, ಕಾಡು, ಏಲಕ್ಕಿ ಮಲೆಗಳೆಲ್ಲ ಮೈಸೂರಿನ ಲೆಕ್ಕಕ್ಕೆ ಸೇರಿಹೋಗಿದ್ದವು. ಅವನು ದೊರೆಯಾಗಿ ಮಾತಿಗೆ ಬರಲು ಅವಕಾಶವೇ ಇಲ್ಲ. ಬಂದರೆ ದಂಗೆಕೋರನಾಗಿ ಬರಬೇಕು. ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಧೋಂಡಿಯಾ ವಾಘನ ಬೆನ್ನುಹತ್ತಿ ಉತ್ತರಕ್ಕೆ ಹೋಗಿದ್ದ, ಆ ಕೆಲಸ ಮುಗಿಸಿ ಇತ್ತ ತಿರುಗಿದ. 1802ರ ಜನವರಿಯಲ್ಲಿ ಮೈಸೂರಿನ ಪಡೆಯನ್ನೂ ಜೊತೆಗಿಟ್ಟುಕೊಂಡು ಕಾಡಿನೊಳಗಿನ ಅರಕೆರೆಯ ಠಾಣೆಯನ್ನು ಮುರಿದ. ಫೆಬ್ರವರಿಯಲ್ಲಿ ನಾಯಕ ಸೆರೆಸಿಕ್ಕ. ಗಲ್ಲಿಗೇರಿಸಿದರು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೆಲ್ಲ ಹೆಸರಾದವನು ಇದೇ ವೆಲ್ಲೆಸ್ಲಿ. ಅವನ ಜೀವನಚರಿತ್ರೆಗಳಲ್ಲಿ ಬಲಂ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಜಿಲ್ಲೆಯ ಪಠ್ಯದಲ್ಲಾದರೂ ಅದಕ್ಕೆ ಒಂದು ಪುಟ ಸಿಗಬೇಕೆಂದು ನನ್ನ ಆಸೆ.

ಅತ್ತ ಕೊಲ್ಲಿಯಲ್ಲೂ ಬೆಂಕಿ ಬೀಳದೆ ಇರಲಿಲ್ಲ. ಹಡಗುಗಳ್ಳರು ಎಂಬ ಹೆಸರಿಟ್ಟು 1819ರ ಕೊನೆಯಲ್ಲಿ ಮುಂಬಯಿಯಿಂದ ಹೊರಟ ಸೈನ್ಯ ರಾಸ್ ಅಲ್ ಖೈಮಾವನ್ನು ಬಡಿದು ಹಡಗುಗಳನ್ನು ಸುಟ್ಟಿತು. ಆದರೆ ಸುಟ್ಟ ಮೇಲೆ ಮಾಡಿದ್ದೇನು? 1820ರ ಜನವರಿಯಿಂದ ಶೇಖರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಒಂದೇ ಕರಾರಿಗೆ ರುಜು ಹಾಕಿಸಿದರು. ಪ್ರತಿಯೊಬ್ಬನಿಗೂ ಕೆಂಪು ಬಿಳಿಯ ಬಾವುಟ, ಪ್ರತಿ ಹಡಗಿಗೂ ದಾಖಲೆ ಪತ್ರ. ಬೇಸಿಗೆಯ ಮುತ್ತಿನ ಸುಗ್ಗಿಯಲ್ಲಿ ಸಮುದ್ರದ ಮೇಲೆ ಜಗಳ ಕೂಡದೆಂದು 1835ರಲ್ಲಿ ಒಪ್ಪಂದ, ಅದು ಮತ್ತೆ ಮತ್ತೆ ಮುಂದುವರಿದು 1853ಕ್ಕೆ ಶಾಶ್ವತವಾಯಿತು. 1892ರಲ್ಲಿ ಗಂಟು ಬಿಗಿಯಾಯಿತು: ಇಂಗ್ಲಿಷ್ ಸರ್ಕಾರ ಬಿಟ್ಟು ಬೇರೆ ಯಾರೊಡನೆಯೂ ಕರಾರು, ಪತ್ರವ್ಯವಹಾರ ಇಲ್ಲ, ಬೇರೆ ಯಾರಿಗೂ ಒಂದು ಗೇಣು ನೆಲ ಮಾರುವುದಾಗಲಿ, ಅಡವಿಡುವುದಾಗಲಿ ಇಲ್ಲ. ಮೈಸೂರಿನ ಕಾಗದ ಓದಿದವರಿಗೆ ಈ ದನಿ ಗುರುತು ಸಿಗುತ್ತದೆ. ಬುಶಹರ್‌ನಲ್ಲಿ ಕೂತ ಇಂಗ್ಲಿಷರ ರೆಸಿಡೆಂಟ್ ಮೊದಲು ಮುಂಬಯಿಗೆ, 1873ರಿಂದ ಭಾರತ ಸರ್ಕಾರಕ್ಕೆ ವರದಿ ಒಪ್ಪಿಸುತ್ತಿದ್ದ. ಏಚಿಸನ್ ಸಂಪಾದಿಸಿದ ಕರಾರುಗಳ ಸಂಪುಟಗಳಲ್ಲಿ ಮೈಸೂರೂ ಇದೆ, ಅಬುಧಾಬಿಯೂ ಇದೆ. ವೈಸರಾಯ್ ಲಾರ್ಡ್ ಕರ್ಜನ್ 1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿದ. ಮರುವರ್ಷ ನವೆಂಬರಿನಲ್ಲಿ ಶಾರ್ಜಾದ ಕಡಲಲ್ಲಿ ಯುದ್ಧನೌಕೆಯ ಮೇಲೆ ದರ್ಬಾರು ಮಾಡಿ ಶೇಖರನ್ನು ಕಂಡ. ಗೌರವಕ್ಕೆ ಹಾರಿಸುವ ತೋಪು ಮೈಸೂರಿಗೆ 21, ಅಬುಧಾಬಿಗೆ ಐದು.

ಹಾಗಾದರೆ ಐದು ತೋಪಿನವರು ಉಳಿದದ್ದು ಹೇಗೆ? ನನಗೆ ಕಾಣುವುದು ಇಷ್ಟು. ಶೇಖರಿಂದ ಕಂಪನಿಗೆ ಬೇಕಾಗಿದ್ದದ್ದು ಸಮುದ್ರದ ಮೌನ. ಮರಳಿನಿಂದ ಕಂದಾಯ ಹುಟ್ಟುವುದಿಲ್ಲ. ಒಳನಾಡಿನಲ್ಲಿ ಯಾರು ಆಳಿದರೂ ಅವರಿಗೆ ಒಂದೇ. ಆದ್ದರಿಂದ ಸಿಕ್ಕ ಸಿಕ್ಕ ಚಿಕ್ಕ ದೊರೆಯನ್ನೂ ಗುರುತಿಸಿ ರುಜು ಹಾಕಿಸಿಕೊಂಡು ಅಲ್ಲೇ ಗೂಟ ಹೊಡೆದು ನಿಲ್ಲಿಸಿದರು. ಮೈಸೂರಿನಿಂದ ಬೇಕಾಗಿದ್ದದ್ದು ಏಳು ಲಕ್ಷ ವರಹ. ಆ ಹಣ ಹುಟ್ಟಬೇಕಾದರೆ ಹಳ್ಳಿಹಳ್ಳಿಯ ಕಂದಾಯ ಒಂದೇ ಖಜಾನೆಗೆ ಬರಬೇಕು. ಘಟ್ಟದ ದಾರಿಯಲ್ಲಿ ನಡುವೆ ನಿಂತು ಪಾಲು ಕೇಳುವ ನಾಯಕ ಇರಕೂಡದು. ರಕ್ಷಣೆ ಎಂಬುದು ರಕ್ಷಿಸುವವನ ಅಗತ್ಯದ ಅಳತೆಗೆ ಹೊಲಿದ ಅಂಗಿ. ಅಜ್ಮಾನ್‌ಗೆ ಅದು ಹೊಂದಿಕೊಂಡಿತು, ಐಗೂರಿಗೆ ಬಟ್ಟೆಯನ್ನೇ ಕತ್ತರಿಸಲಿಲ್ಲ. ಪಾಳೆಯಗಾರರು ಒಳ್ಳೆಯ ಆಡಳಿತಗಾರರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರ ಕೈಕೆಳಗೆ ರೈತರು ಪಟ್ಟ ಪಾಡು ಸಣ್ಣದಲ್ಲ. ಆದರೂ ಒಬ್ಬನಿಗೆ ಬಾವುಟ, ಇನ್ನೊಬ್ಬನಿಗೆ ನೇಣು ಸಿಕ್ಕಿದ್ದಕ್ಕೆ ಅವರವರ ಯೋಗ್ಯತೆ ಕಾರಣವಲ್ಲ.

ಹುಡುಗನಿಗೆ ಇನ್ನೊಂದು ವಿಷಯ ಹೇಳಿದೆ, ಅದು ಅವನಿಗೆ ಬಹಳ ಹಿಡಿಸಿತು. 1966ರವರೆಗೆ ಅವನ ದುಬೈಯಲ್ಲಿ ನಡೆಯುತ್ತಿದ್ದದ್ದು ರೂಪಾಯಿ. 1959ರಿಂದ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿ ಕಳಿಸುತ್ತಿತ್ತು. ದೊರೆತನದ ಮೇಲಿನ ಯಜಮಾನಿಕೆ 1947ರಲ್ಲೇ ದೆಹಲಿಯಿಂದ ಲಂಡನ್ನಿಗೆ ಹೋಗಿದ್ದರೂ ದುಡ್ಡು ಮಾತ್ರ ಮುಂಬಯಿಯದೇ.

ಮೈಸೂರಿನ ಕಥೆ ಜನರ ಕೈಯಲ್ಲಿ ಮುಗಿಯಿತು. 1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದರು. ಆಮೇಲೆ ‘ಮೈಸೂರು ಚಲೋ’ ಎಂದು ಊರೂರಿನಿಂದ ಜನ ಎದ್ದರು, ಅಕ್ಟೋಬರ್ 24ಕ್ಕೆ ಜವಾಬ್ದಾರಿ ಸರ್ಕಾರ ಬಂತು. ಕೊಲ್ಲಿಯಲ್ಲಿ ಹಾಗಾಗಲಿಲ್ಲ. 1968ರ ಜನವರಿಯಲ್ಲಿ ನಾವು ಹೊರಡುತ್ತೇವೆ ಎಂದು ಲಂಡನ್ನೇ ಸಾರಿತು, ಖರ್ಚು ತೂಗುವುದಿಲ್ಲವೆಂದು. ಆಗ ಅಬುಧಾಬಿಯ ಶೇಖ್ ಜಾಯೆದ್, ದುಬೈಯ ಶೇಖ್ ರಶೀದ್ ಇಬ್ಬರೂ, ನಿಮ್ಮ ಸೈನ್ಯದ ಖರ್ಚು ನಾವೇ ಕೊಡುತ್ತೇವೆ, ಇರಿ ಎಂದರು. ಮೈಸೂರಿನಿಂದ ಒತ್ತಾಯಿಸಿ ವಸೂಲು ಮಾಡಿದ ಬಾಬತ್ತನ್ನು ಇವರು ತಾವಾಗಿ ಮುಂದೆ ಹಿಡಿದರು. ಲಂಡನ್ ಒಪ್ಪಲಿಲ್ಲ. 1971ರ ಡಿಸೆಂಬರ್ 1ರಂದು ಹಳೆಯ ಕರಾರುಗಳೆಲ್ಲ ರದ್ದಾದವು. ಮರುದಿನ ಆರು ಶೇಖರು ಸೇರಿ ಒಂದು ದೇಶ ಮಾಡಿಕೊಂಡರು. 1819ರಲ್ಲಿ ಸುಟ್ಟುಹೋಗಿದ್ದ ರಾಸ್ ಅಲ್ ಖೈಮಾ ಏಳನೆಯದಾಗಿ ಸೇರಿದ್ದು 1972ರ ಫೆಬ್ರವರಿಯಲ್ಲಿ.