ತೋಳು ಮುಟ್ಟದೆ ಬಿಪಿ ನೋಡಕ್ಕಾಗಲ್ಲ



ಇವತ್ತು ರಾಜಕೀಯ ಬೇಡ, ಮನೆ ವಿಷಯ ಬರೆಯೋಣ ಅಂತ ಕೂತೆ. ಬರೀತಾ ಬರೀತಾ ಇದೂ ರಾಜಕೀಯವೇ ಅಂತ ಗೊತ್ತಾಯ್ತು.

ಹೋದ ಅಂಬೇಡ್ಕರ್ ಜಯಂತಿಗೆ ಪೆರೇಸಂದ್ರದ ಹತ್ತಿರ ನಮ್ಮ ಕಾಲೋನಿಯಲ್ಲಿ ಬಿಪಿ, ಶುಗರ್ ತಪಾಸಣೆ ಇಡಿಸಿದ್ವಿ. ಮನೆಮನೆಗೆ ಹೋಗಿ ಜನರನ್ನ ಕರ್ಕೊಂಡು ಬಂದವನು ನಾನೇ. ನಮ್ಮಮ್ಮ ಮಾತ್ರ ಬರಲ್ಲ ಅಂತ ಕೂತ್ಲು. ಸೇವಂತಿಗೆ ತೋಟದ ಕೂಲಿ ಮುಗಿಸಿ ಆಗಷ್ಟೇ ಬಂದಿದ್ಲು. "ನಂಗೇನಾಗೈತೆ? ಚೆನ್ನಾಗೇ ಇದ್ದೀನಲ್ಲ" ಅಂದ್ಲು.

ಅಮ್ಮ ಹಿಂಜರಿಯೋದಕ್ಕೆ ಕಾರಣ ಇದೆ. ನಾನು ಚಿಕ್ಕವನಿದ್ದಾಗ ಅವಳಿಗೆ ಜ್ವರ ಬಂದು ಒಬ್ಬ ಡಾಕ್ಟರ್ ಹತ್ರ ಹೋಗಿದ್ವಿ. ಅವರು ಯಾವ ಊರು, ಯಾವ ಕೇರಿ ಅಂತ ಕೇಳಿದ್ರು. ಆಮೇಲೆ ನಾಡಿ ಸಹ ಹಿಡಿಯಲಿಲ್ಲ. ಮೇಜಿನ ಆಚೆಯಿಂದಲೇ ಚೀಟಿ ತಳ್ಳಿದ್ರು. ಅಮ್ಮ ಅದನ್ನ ಮರೆತಿಲ್ಲ. ನಾನೂ ಮರೆತಿಲ್ಲ.

ಕೊನೆಗೆ ನರ್ಸಮ್ಮನೇ ಮನೆಗೆ ಬಂದ್ರು. ಐದು ನಿಮಿಷ ಸುಮ್ಮನೆ ಕೂರಿಸಿದ್ರು. ಬೆನ್ನಿಗೆ ಗೋಡೆ, ಕಾಲು ನೆಲಕ್ಕೆ, ಕೈ ಎದೆಮಟ್ಟಕ್ಕೆ. ತೋಳು ಹಿಡಿದು ಪಟ್ಟಿ ಸುತ್ತಿದ್ರು. 182/106. ಎರಡನೇ ಸಲವೂ ಹೆಚ್ಚುಕಮ್ಮಿ ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ "ಅಣ್ಣ, ನೀವೂ ಕೂತ್ಕೊಳ್ಳಿ" ಅಂದ್ರು. ನಂದು 158/98.

ಮೇಲಿನ ಸಂಖ್ಯೆ ಹೃದಯ ರಕ್ತ ತಳ್ಳುವಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲಗೊಂಡಾಗಿನದು. ಬೇರೆಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಅದು ಬಿಪಿ ಕಾಯಿಲೆ. ಟೀ ಕುಡಿದು, ಬೀಡಿ ಸೇದಿ, ಓಡಿ ಬಂದ ತಕ್ಷಣ ನೋಡಿದ್ರೆ ಲೆಕ್ಕ ತಪ್ಪುತ್ತೆ. ಬಹಳ ಜನಕ್ಕೆ ತಲೆನೋವೂ ಇರಲ್ಲ, ಸುಸ್ತೂ ಇರಲ್ಲ. ಒಳಗೊಳಗೇ ಮೆದುಳು, ಹೃದಯ, ಕಿಡ್ನಿ, ಕಣ್ಣು ಕೆಡ್ತಾ ಹೋಗುತ್ತೆ.

ಮತ್ತೊಂದು ದಿನ ನೋಡಿದಾಗಲೂ ಇಬ್ಬರಿಗೂ ಜಾಸ್ತಿಯೇ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲೋಡಿಪಿನ್ ಕೊಟ್ರು, ದುಡ್ಡಿಲ್ಲದೆ. ಅಮ್ಮ ಒಂದು ತಿಂಗಳು ನುಂಗಿ ನಿಲ್ಲಿಸಿಬಿಟ್ಲು. "ಜ್ವರ ಬಿಟ್ಮೇಲೆ ಯಾರಾನಾ ಮಾತ್ರೆ ತಿಂತಾರಾ?" ಅಂತಾಳೆ. ಅವಳ ಲೆಕ್ಕ ತಪ್ಪೇನಲ್ಲ, ಬಿಪಿಯ ಲೆಕ್ಕವೇ ಬೇರೆ. ಮಾತ್ರೆಯಿಂದಲೇ ಇಳಿದಿರುತ್ತೆ, ಬಿಟ್ರೆ ಮತ್ತೆ ಏರುತ್ತೆ. ಕಾಲು ಊದಿಕೊಂಡ್ರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ. ನಾವಾಗೇ ಬಿಡಬಾರದು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದ್ರೆ ಒಂದು ಸಣ್ಣ ಚಮಚ. ನಮ್ಮ ಮುದ್ದೆಗೆ ನೆಂಚಿಕೊಳ್ಳೋ ಉಪ್ಪಿನಕಾಯಿ, ಒಣಮೀನು ಎಲ್ಲಾ ಅದರೊಳಗೇ ಸೇರುತ್ತೆ.

ಅಮ್ಮ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ಆಮೇಲೆ ಹೇಳಿದ್ಲು. ಮಾತ್ರೆ ತರೋಕೆ ಹೋದ್ರೆ ಅವತ್ತಿನ ಕೂಲಿ ಹೋಗುತ್ತೆ. ಮಾತ್ರೆ ಪುಕ್ಕಟೆ, ದಿನ ಪುಕ್ಕಟೆ ಅಲ್ಲ.

ಅದಕ್ಕೇ ಹೇಳ್ತಿರೋದು, ಇದು ನಮ್ಮ ಹಕ್ಕೊತ್ತಾಯದ ಪಟ್ಟಿಗೆ ಸೇರಬೇಕು. 2017ರಲ್ಲಿ ಕೇಂದ್ರ ಶುರು ಮಾಡಿದ ಬಿಪಿ ನಿಯಂತ್ರಣ ಕಾರ್ಯಕ್ರಮ ಹೇಳೋದೂ ಇದನ್ನೇ: ಮನೆ ಹತ್ತಿರ ಚಿಕಿತ್ಸೆ, ತಿಂಗಳಿಗಾಗುವಷ್ಟು ಮಾತ್ರೆ. ನಮ್ಮ ಪಕ್ಕದ ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ 30 ವರ್ಷ ದಾಟಿದವರ ಮನೆಬಾಗಿಲಿಗೇ ಬಂದು ನೋಡಬೇಕು ಅನ್ನುತ್ತೆ. ಆ ಬಾಗಿಲುಗಳಲ್ಲಿ ನಮ್ಮ ಕೇರಿಯ ಬಾಗಿಲೂ ಇದೆಯಾ ಅಂತ ನಾವೇ ಕೇಳಬೇಕು.

ಕೊನೆ ಮಾತು ಚಳವಳಿಯ ಗೆಳೆಯರಿಗೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಸುಟ್ಟಾಗ ಬೀದಿಗಿಳಿದವರಿಗೆ ಈಗ ಐವತ್ತು, ಅರವತ್ತು ದಾಟಿದೆ. ರಾತ್ರಿ ಬಸ್ಸು, ನಿದ್ದೆಗೆಟ್ಟ ಸಭೆ, ಟೀ, ಸಿಗರೇಟು. ಹಿರಿಯ ಗೆಳೆಯರೊಬ್ಬರು ಧರಣಿ ಮುಗಿಸಿ ಬಂದ ರಾತ್ರಿ ಲಕ್ವ ಹೊಡೆದು ಮಲಗಿದ್ರು. ಮಾತ್ರೆ ಚೀಟಿ ಜೇಬಲ್ಲೇ ಇತ್ತು. ಬಾಯಿ ಸೊಟ್ಟಗಾದ್ರೆ, ಕೈ ಬಿದ್ದುಹೋದ್ರೆ, ಮಾತು ತೊದಲಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಅಮ್ಮ ಈಗ ಮತ್ತೆ ಶುರು ಮಾಡಿದ್ದಾಳೆ. ಮಾತ್ರೆ ತರೋ ಕೆಲಸ ನಂದು. ರಾತ್ರಿ ಊಟ ಆದ್ಮೇಲೆ ಇಬ್ಬರೂ ಒಟ್ಟಿಗೇ ನುಂಗ್ತೀವಿ. ಮೊನ್ನೆ ನಂದು ಮರೆತಿತ್ತು. "ಭಾಷಣ ಮಾಡಿದ್ದು ಸಾಕು, ಮಾತ್ರೆ ತಗಳಪ್ಪಾ" ಅಂದ್ಲು.

ನಾಳೆ ಹೋಗಿ ತೋಳು ಚಾಚಿ ಕೂತ್ಕೊಳ್ಳಿ. ಮುಟ್ಟದೆ ಚೀಟಿ ತಳ್ಳಿದ್ರೆ ಎದ್ದು ನಿಂತು ಕೇಳಿ.

ಜೈಭೀಮ್.