ಪಾವತಿ ಪುಸ್ತಕದ ಮೇಲಿನ ಹೆಸರು

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಒಂದು ಕಾಲಕ್ಕೆ ವಂತಿಗೆ ಎತ್ತುವವರದೇ ಗದ್ದಲ. ಗಣಪತಿಗೆ, ಮೊಹರಮ್ಮಿಗೆ, ಹಮಾಲರ ಮುಷ್ಕರಕ್ಕೆ, ಬೀದಿ ನಾಟಕದ ಹುಡುಗರ ಬಸ್ ಖರ್ಚಿಗೆ. ಅಡತಿ ಸಾಹುಕಾರ ಗೊಣಗುತ್ತಲೇ ಗಲ್ಲಾಪೆಟ್ಟಿಗೆ ತೆಗೆಯುತ್ತಿದ್ದ. ಮಿರಜಿನ ಸಿತಾರ ಮಾಡುವವರ ಓಣಿಯಲ್ಲೂ ಇದೇ ರೂಢಿ. ಬಾವುಟದ ಬಣ್ಣ ನೋಡಿ ಬೈಯುವವರಿದ್ದರು, ಬೈದೂ ಕೊಡುತ್ತಿದ್ದರು.

ಶೇಡಬಾಳದ ಕಡೆಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಸಂತೆಗೆ ಬರುತ್ತಿದ್ದ ನಮಗೆ ಮಿರಜ ಸ್ಟೇಷನ್ ಹೊರಗಿನ ಬೀದಿ ನಾಟಕ ಪುಕ್ಕಟೆ ಮನರಂಜನೆ. ಮರಾಠಿ ಅರ್ಧಂಬರ್ಧ ತಿಳಿಯುತ್ತಿತ್ತು. ಒಮ್ಮೆ ವಂತಿಗೆ ಡಬ್ಬಿ ಬಂದಾಗ ಅವ್ವ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಹಾಕಿದಳು. ಯಾರವ್ವಾ ಇವರು ಎಂದರೆ, "ಯಾರರ ಆಗ್ಲಿ, ಬಿಸಲಾಗ ಒದರಾಕತ್ತಾವು ಕೂಸು" ಎಂದಳು.

ಈ ಸೀಮೆಗೆ ಕೊಡುವುದು ಹೊಸದಲ್ಲ. ಬ್ರಿಟಿಷರಿಗೆ ಎದುರಾಗಿ ಕ್ರಾಂತಿಸಿಂಹ ನಾನಾ ಪಾಟೀಲರು ಕಟ್ಟಿದ ಪ್ರತಿಸರ್ಕಾರ ವಾಳವಾ, ಕುಂಡಲ ಕಡೆಯ ಹಳ್ಳಿಗಳಲ್ಲಿ 1943ರಿಂದ ಮೂರು ವರ್ಷ ನಡೆದದ್ದು ಬಂದೂಕಿನ ಬಲದಿಂದಷ್ಟೇ ಅಲ್ಲ. ರಾತ್ರಿ ಕದ ತಟ್ಟಿದವರಿಗೆ ಹಳ್ಳಿಯವರು ರೊಟ್ಟಿ ಕೊಟ್ಟರು, ಅಡಗಲು ಜಾಗ ಕೊಟ್ಟರು. 1943ರ ಜುಲೈ 24ರಂದು ವಸಂತದಾದಾ ಪಾಟೀಲರು ಸಂಗಡಿಗರೊಂದಿಗೆ ಸಾಂಗಲಿ ಸೆರೆಮನೆ ಒಡೆದು ಓಡಿದರು, ಗುಂಡೇಟು ತಿಂದರು. 1977ರಲ್ಲಿ ಅವರೇ ಮಹಾರಾಷ್ಟ್ರದ ಮುಖ್ಯಮಂತ್ರಿ!

ಹೀಗೆ ಕೊಡುವವರನ್ನು ಶಿಕ್ಷಿಸಲು ಬ್ರಿಟಿಷರು 1908ರಲ್ಲೇ ಒಂದು ಕಾಯ್ದೆ ತಂದಿದ್ದರು. ಸರ್ಕಾರ ಕಾನೂನುಬಾಹಿರವೆಂದು ಸಾರಿದ ಸಂಘಕ್ಕೆ ವಂತಿಗೆ ಕೊಟ್ಟರೆ ಆರು ತಿಂಗಳವರೆಗೆ ಸೆರೆ. 2025ರ ಜುಲೈನಲ್ಲಿ ಮಹಾರಾಷ್ಟ್ರದ ಎರಡೂ ಸದನಗಳು ಅಂಗೀಕರಿಸಿದ ವಿಶೇಷ ಜನಸುರಕ್ಷಾ ಮಸೂದೆಯಲ್ಲಿ, ನಿಷೇಧಿತ ಸಂಘಟನೆಯ ಸದಸ್ಯನಲ್ಲದವನು ವಂತಿಗೆ ಕೊಟ್ಟರೂ, ಆಸರೆ ಕೊಟ್ಟರೂ ಎರಡು ವರ್ಷದವರೆಗೆ ಶಿಕ್ಷೆ, ಜಾಮೀನಿಲ್ಲದ ಅಪರಾಧ. ಗುರಿ ನಕ್ಸಲರು, ಅತಿ ಎಡಪಂಥೀಯರು ಎಂದು ಸರ್ಕಾರ ಹೇಳುತ್ತದೆ. ಹನ್ನೆರಡು ಸಾವಿರಕ್ಕೂ ಹೆಚ್ಚು ಸಲಹೆ, ಆಕ್ಷೇಪ ಬಂದವು. ಜಂಟಿ ಸಮಿತಿ ಕೆಲವು ತಿದ್ದುಪಡಿಯನ್ನೂ ಮಾಡಿತು. ಬಂದೂಕು ಹಿಡಿದವರನ್ನು ಹಿಡಿಯಬಾರದೆಂದು ಯಾರೂ ಅನ್ನುವುದಿಲ್ಲ. ಆದರೆ ಯಾವ ಸಂಘಟನೆ ಯಾವಾಗ ನಿಷೇಧಿತರ ಪಟ್ಟಿಗೆ ಸೇರೀತು ಎಂಬುದು ಅರಿಶಿನ ಪೇಟೆಯ ಸಾಹುಕಾರನಿಗೆ ಹೇಗೆ ತಿಳಿಯಬೇಕು?

ಪೊಲೀಸರೇ ಬೇಡ ಎನ್ನುವಷ್ಟು ಮುಗ್ಧರೇನೂ ನಾವಲ್ಲ. 2009ರ ಸೆಪ್ಟೆಂಬರಿನಲ್ಲಿ ಗಣೇಶೋತ್ಸವದ ಕಮಾನಿನ ಚಿತ್ರದಿಂದ ಮಿರಜಿನಲ್ಲಿ ಗಲಭೆ ಎದ್ದಾಗ ಕರ್ಫ್ಯೂ ಬಿತ್ತು, ಹಾಲು ತರಲೂ ಹೊರಗೆ ಹೋಗುವಂತಿರಲಿಲ್ಲ. ಆದರೂ ಪೊಲೀಸರನ್ನು ಕಂಡು ಬಹಳ ಮಂದಿಗೆ ಜೀವ ಬಂದಂತಾಗಿತ್ತು. ಆ ಕರ್ಫ್ಯೂ ಒಂದು ದಿನ ಬಿತ್ತು, ಒಂದು ದಿನ ಎದ್ದಿತು. ವಂತಿಗೆ ಕೊಡಲು ಈಗ ಹುಟ್ಟಿರುವ ಹಿಂಜರಿಕೆಯನ್ನು ಯಾರೂ ಆಜ್ಞೆ ಹೊರಡಿಸಿ ಹೇರಿದ್ದಲ್ಲ, ಹಾಗಾಗಿ ಹಿಂತೆಗೆದುಕೊಳ್ಳುವವರೂ ಇಲ್ಲ.

ಮೊನ್ನೆ ಮಿರಜಿನ ಪರಿಚಯದ ಅಂಗಡಿಗೆ ಕಾಲೇಜು ಹುಡುಗರು ಬಂದಿದ್ದರು. ಗುತ್ತಿಗೆ ಕಾರ್ಮಿಕರ ಸಭೆಗೆ ವಂತಿಗೆ. ಅಂಗಡಿಯಾತ ಎರಡು ನೂರು ಕೊಟ್ಟು, ಹುಡುಗ ಪಾವತಿ ಹರಿಯುವಷ್ಟರಲ್ಲಿ ಕೈ ಅಡ್ಡ ಹಿಡಿದ. "ಹೆಸರು ಬ್ಯಾಡ ತಮ್ಮಾ, ಹಿತಚಿಂತಕ ಅಂತ ಬರಿ." ಹಳೆಯ ಪಾವತಿ ಪುಸ್ತಕಗಳಲ್ಲಿ ಹೆಸರು ತಪ್ಪಾಗಿ ಬರೆದರೆ ಜಗಳಕ್ಕೆ ಬರುತ್ತಿದ್ದ ಮನುಷ್ಯ ಅವನು. ಇನ್ನೊಬ್ಬ ಹುಡುಗ ಫೋನಿನಲ್ಲಿ ಸ್ಕ್ಯಾನ್ ಮಾಡಬಹುದು ಎಂದು ಕೋಡ್ ತೋರಿಸಿದ. ಪಕ್ಕದಲ್ಲಿದ್ದ ಗಿರಾಕಿ ಫೋನ್ ತೆಗೆದವನು ಪುನಃ ಜೇಬಿಗೆ ಇಟ್ಟುಕೊಂಡ. ಅದರಲ್ಲಿ ಹೆಸರಷ್ಟೇ ಅಲ್ಲ, ಬ್ಯಾಂಕಿನ ಲೆಕ್ಕವೂ ಉಳಿಯುತ್ತದಂತೆ. ಚಿಲ್ಲರೆ ಇದ್ದರೆ ಕೊಡುತ್ತಿದ್ದೆ ಎಂದ.