ಬ್ಯಾಟ್‌ಮನ್ ಪದ ಹಾಡಬಹುದೆ?

ಶೂರನಾದವನು ಹಾಡಬಹುದೆ? ಬಳ್ಳಾರಿ ಸೀಮೆಯ ನಮ್ಮ ಸಿರಿಗೇರಿಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಈ ಪ್ರಶ್ನೆ ತಾನಾಗಿ ಹುಟ್ಟುವುದಿಲ್ಲ. ನಮ್ಮ ಕಡೆ ಶೂರನೆಂದರೆ ಮೊದಲು ಹಾಡಬೇಕು, ಆಮೇಲೆ ಕುಣಿಯಬೇಕು, ಅದಾದ ಮೇಲೆಯೇ ಗದೆ ಎತ್ತಬೇಕು. ಬಯಲಾಟದ ಭೀಮ ಅಟ್ಟ ಏರಿದ ಕೂಡಲೇ ಯಾರನ್ನೂ ಹೊಡೆಯಲು ಹೋಗುವುದಿಲ್ಲ. ಸಾರಥಿ ಎದುರಿಗೆ ಬಂದು, ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಭೀಮ ಅದಕ್ಕೆ ಪದದಲ್ಲೇ ಉತ್ತರ ಕೊಡುತ್ತಾನೆ. ಹಿಮ್ಮೇಳದವರು ಅದನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ, ಮದ್ದಳೆ ಬೀಳುತ್ತದೆ, ಹೆಜ್ಜೆ ಬೀಳುತ್ತದೆ, ಭುಜಕೀರ್ತಿಯ ಕನ್ನಡಿ ಚೂರುಗಳು ಬೆಳಕಿಗೆ ಮಿನುಗುತ್ತವೆ. ಇಷ್ಟೆಲ್ಲ ಆದ ಮೇಲೆ ಅವನು ಭೀಮನೆಂದು ಊರು ಒಪ್ಪುತ್ತದೆ. ಪದ ಸರಿಯಾಗಿ ಬರದಿದ್ದರೆ ಎಷ್ಟು ದಪ್ಪ ಮೀಸೆ ಬರೆದುಕೊಂಡರೂ ಒಪ್ಪುವುದಿಲ್ಲ.

ಈ ಮಾತು ನೆನಪಾದದ್ದು ನಮ್ಮ ಹುಡುಗರ ವಾದ ಕೇಳಿ. ಭತ್ತದ ಲಾರಿಗಳು ಸಿರುಗುಪ್ಪದ ಮಿಲ್ಲುಗಳ ಕಡೆ ಹೋಗಿ, ಗದ್ದೆಗಳು ಖಾಲಿಯಾಗಿ, ಕೈಗೆ ಸ್ವಲ್ಪ ಪುರುಸೊತ್ತು ಸಿಗುವ ಕಾಲ. ಬೆಂಗಳೂರಿನಲ್ಲಿ ಓದುವ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಹಾಡು ಹಚ್ಚಿದ. ಬ್ಯಾಟ್‌ಮನ್ ನಾಟಕದ್ದಂತೆ. ನಾಟಕ ಆಡಲೇ ಇಲ್ಲವಂತೆ, ಹಾಡು ಮಾತ್ರ ಉಳಿದಿದೆಯಂತೆ. ಕೂತವರಲ್ಲಿ ಒಬ್ಬ, "ಲೇ, ಬ್ಯಾಟ್‌ಮನ್ ಯಾಕ್ ಹಾಡ್ತಾನಲೇ? ಅವನು ಕತ್ಲಾಗ ಸುಮ್ನ ನಿಂದ್ರಬೇಕು" ಎಂದ. ಇನ್ನೊಬ್ಬ, "ಹಾಡ್ಲಾರದಿದ್ರ ನಾಟಕ ಯಾಕ ಬೇಕು, ಸಿನಿಮಾ ಐತಲ್ಲ" ಎಂದ. ಹಾಡು ಹಚ್ಚಿದವನು ನಡುವೆ ಬಾಯಿ ಹಾಕಿ, "ಇದು ಡೆಮೊ ಅಷ್ಟ, ಪೂರಾ ಹಾಡಲ್ಲ, ಇದನ್ನ ಕೇಳಿ ತೀರ್ಪು ಕೊಡಬ್ಯಾಡ್ರಿ" ಎಂದ. ಮೂರು ಕಡೆ ಮೂರು ಪಕ್ಷವಾಯಿತು. ಆ ನಾಟಕದ ಅಭಿಮಾನಿಗಳು ದೇಶದೇಶಗಳಲ್ಲಿ ಎರಡು ದಶಕಗಳಿಂದ ವಾದಿಸುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ.

ಆ ಹಾಡುಗಳ ಕಥೆ ಹೇಳುವಂಥದ್ದು. ಜಿಮ್ ಸ್ಟೈನ್‌ಮನ್ ಎಂಬ ಅಮೆರಿಕದ ಸಂಗೀತಗಾರ ಬ್ಯಾಟ್‌ಮನ್ ನಾಟಕಕ್ಕೆ ಪದ ಕಟ್ಟಿ ಮಟ್ಟು ಹಾಕಿದ. ಬ್ಯಾಟ್‌ಮನ್ ಸಿನಿಮಾ ಮಾಡಿದ್ದ ಟಿಮ್ ಬರ್ಟನ್ ನಿರ್ದೇಶನ ಮಾಡಬೇಕಿತ್ತು, ಡೇವಿಡ್ ಐವ್ಸ್ ಮಾತು ಬರೆಯಬೇಕಿತ್ತು. ಇದೆಲ್ಲ ನಡೆದದ್ದು 2000ದ ಆಸುಪಾಸಿನಲ್ಲಿ. ಅಷ್ಟರಲ್ಲಿ ಅದೇ ಸ್ಟೈನ್‌ಮನ್‌ನ ಇನ್ನೊಂದು ನಾಟಕ 'ಡಾನ್ಸ್ ಆಫ್ ದ ವ್ಯಾಂಪೈರ್ಸ್' 2002ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇಗೆ ಬಂದು, 2003ರ ಜನವರಿಯೊಳಗೇ 56 ಪ್ರದರ್ಶನಕ್ಕೆ ಮುಚ್ಚಿಹೋಯಿತು. ಬ್ಯಾಟ್‌ಮನ್ ನಾಟಕವೂ ಬಿದ್ದುಹೋಯಿತು. ಆದರೆ ಸ್ಟೈನ್‌ಮನ್ ತನ್ನ ಹಾಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಗಾಯಕರಿಂದ ಹಾಡಿಸಿ ಇಟ್ಟುಕೊಂಡಿದ್ದ ಡೆಮೊಗಳನ್ನು ಅಭಿಮಾನಿಗಳು ಕೇಳಲೆಂದು ಬಿಟ್ಟುಕೊಟ್ಟ. ಗಾಥಮ್ ನಗರದ ರಾತ್ರಿಯನ್ನು ಹಾಡುವ 'ದ ಗ್ರೇವ್‌ಯಾರ್ಡ್ ಶಿಫ್ಟ್' ಹೀಗೆ ಹೊರಬಂತು. 'ಇನ್ ದ ಲ್ಯಾಂಡ್ ಆಫ್ ದ ಪಿಗ್, ದ ಬುಚರ್ ಈಸ್ ಕಿಂಗ್' ಎಂಬ ಹಾಡನ್ನಂತೂ 2006ರಲ್ಲಿ ಗಾಯಕ ಮೀಟ್ ಲೋಫ್ ತನ್ನ ಆಲ್ಬಮ್ಮಿಗೆ ಹಾಡಿದ. ಸ್ಟೈನ್‌ಮನ್ 2021ರ ಏಪ್ರಿಲ್‌ನಲ್ಲಿ ತೀರಿಕೊಂಡ. ನಾಟಕ ಒಮ್ಮೆಯೂ ಪರದೆ ಏರಿಸಲಿಲ್ಲ, ಪದಗಳಿಗೆ ಮಾತ್ರ ಸಾವಿರಾರು ಮೈಲಿ ದೂರದಲ್ಲೂ ವಾದಿಸುವವರಿದ್ದಾರೆ.

ಅವನ ಮೇಲೆ ಅಭಿಮಾನಿಗಳೇ ಹೊರಿಸುವ ಒಂದು ದೂರು ನನಗೆ ಬಹಳ ಹಿಡಿಸಿತು. ತನ್ನ ಹಳೆಯ ಮಟ್ಟನ್ನೇ ಹೊಸ ಪದಕ್ಕೆ ಕೂಡಿಸುತ್ತಾನೆ ಎಂಬುದು ಆ ದೂರು. 1983ರಲ್ಲಿ ಬಾನಿ ಟೈಲರ್ ಹಾಡಿ ಲೋಕವೆಲ್ಲ ಕೇಳಿದ 'ಟೋಟಲ್ ಇಕ್ಲಿಪ್ಸ್ ಆಫ್ ದ ಹಾರ್ಟ್' ಇವನದೇ. ಅದೇ ಮಟ್ಟು 1997ರಲ್ಲಿ ವಿಯೆನ್ನಾದಲ್ಲಿ ಆಡಿದ ಅವನ ವ್ಯಾಂಪೈರ್ ನಾಟಕದಲ್ಲಿ ಜರ್ಮನ್ ಪದ ಹೊತ್ತು ಬಂತು. ಕಳ್ಳತನವೋ ಕಲೆಯೋ ಎಂದು ಅವರು ಜಗಳಾಡುತ್ತಾರೆ. ನಮ್ಮ ಕಂಪನಿ ನಾಟಕದ ಹಳೆಯ ಪುಸ್ತಕ ಒಂದನ್ನು ಅವರ ಕೈಯಲ್ಲಿಟ್ಟರೆ ಆ ಜಗಳ ಅಲ್ಲೇ ಮುಗಿಯುತ್ತದೆ. ಪ್ರತಿ ಪದದ ತಲೆಯ ಮೇಲೆ ರಾಗ, ತಾಳ, ಅದರ ಪಕ್ಕದಲ್ಲಿ ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕಿರುತ್ತಿದ್ದರು. ಮರಾಠಿ ನಾಟಕದ ಮಟ್ಟು, ಪಾರ್ಸಿ ಕಂಪನಿಯ ಮಟ್ಟು, ಆಮೇಲಾಮೇಲೆ ಹಿಂದಿ ಸಿನಿಮಾದ ಮಟ್ಟು. ಯಾರೂ ಅದನ್ನು ಮುಚ್ಚಿಡಲಿಲ್ಲ. ಕವಿ ಪದ ಕೊಟ್ಟ, ಮಟ್ಟು ದೇಶ ತಿರುಗಿ ಬಂತು, ಹಾಡುವವಳ ಗಂಟಲು ಎರಡನ್ನೂ ಒಂದು ಮಾಡಿತು. ಹಾಡು ಯಾರದ್ದೆಂದು ಕೇಳಿದರೆ ನಮ್ಮ ಕಡೆಯ ಹಿರಿಯರು ಹಾಡಿದವರ ಹೆಸರನ್ನೇ ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಹಾಡಿದವರು ಎಂದಾಗ ನಮ್ಮ ಜಿಲ್ಲೆಯಲ್ಲಿ ಸುಭದ್ರಮ್ಮ ಮನ್ಸೂರರ ಹೆಸರು ಬರದೆ ಮಾತು ಮುಂದೆ ಹೋಗದು. 2020ರಲ್ಲಿ ಅವರು ತೀರಿಕೊಂಡಾಗ ಬಳ್ಳಾರಿಯ ರಂಗಗೀತೆಯ ಒಂದು ಇಡೀ ಕಾಲ ಕೈಬಿಟ್ಟುಹೋಯಿತು. 'ರಕ್ತರಾತ್ರಿ'ಯ ದ್ರೌಪದಿಯಾಗಿ ಅವರು ಹಾಡುವಾಗ ಕೇಳಿದವರು ಆ ಪದಗಳನ್ನು ಬೇರೆಯವರ ಬಾಯಲ್ಲಿ ಕೇಳಲು ಒಪ್ಪುತ್ತಿರಲಿಲ್ಲ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ಬಾಗಲಕೋಟೆ ಕಡೆಯವರು, 1896ರಲ್ಲಿ ಹುಟ್ಟಿ 1966ರಲ್ಲಿ ಹೋದರು. ಆದರೆ ಅವರ ನಾಟಕವನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳು ತಮ್ಮ ಮನೆಯ ಸ್ವತ್ತೆಂದೇ ತಿಳಿದಿವೆ. ಅಶ್ವತ್ಥಾಮನ ಸಿಟ್ಟು, ಶಕುನಿಯ ಮಾತು, ದ್ರೌಪದಿಯ ಸಂಕಟ ಬಾಯಿಪಾಠವಾಗಿರುವ ರೈತರು ಇವತ್ತಿಗೂ ಸಿಗುತ್ತಾರೆ. ಅದೇ ಕಂದಗಲ್ಲರು 'ಬಾಣಸಿಗ ಭೀಮ' ಎಂಬ ನಾಟಕವನ್ನೂ ಬರೆದರು. ವಿರಾಟನ ಅಡುಗೆಮನೆಯಲ್ಲಿ ವೇಷ ಮರೆಸಿಕೊಂಡು ಸೌಟು ಹಿಡಿದು, ಕೀಚಕನ ಸರದಿ ಬಂದಾಗ ನಿಜ ಬಲ ತೋರಿಸುವವನು. ಹಗಲು ಒಂದು ಹೆಸರು, ಕತ್ತಲಲ್ಲಿ ಇನ್ನೊಂದು ಹೆಸರು. ಬ್ಯಾಟ್‌ಮನ್ ಹಾಡಬಹುದೆ ಎಂದು ಕೇಳಿದ ಹುಡುಗನಿಗೆ ನಾನು ಈ ನಾಟಕದ ಹೆಸರನ್ನೇ ಹೇಳಿದೆ.

ಡೆಮೊ ಕೇಳಿ ತೀರ್ಪು ಕೊಡಬೇಡಿ ಎಂದನಲ್ಲ, ಆ ಮಾತು ಮಾತ್ರ ತೂಕದ್ದು. ನಮ್ಮಲ್ಲಿ ಅದಕ್ಕೆ ತಾಲೀಮು ಇದೆ. ಜಾತ್ರೆಗೋ ಯುಗಾದಿಗೋ ನಾಟಕ ಆಡಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಹಾರ್ಮೋನಿಯಂ ನುಡಿಸಿ ಪದ ಕಲಿಸುವ ಪೆಟ್ಟಿಗೆ ಮಾಸ್ತರರು ಬಂದು ಕೂಡುತ್ತಾರೆ. ಹಗಲೆಲ್ಲ ಕಾಲುವೆ ನೀರು ಕಟ್ಟಿ, ಗೊಬ್ಬರ ಹೊತ್ತು ಬಂದವರು ರಾತ್ರಿ ಊಟ ಮಾಡಿ ತಾಲೀಮಿಗೆ ಸೇರುತ್ತಾರೆ. ದುರ್ಯೋಧನನ ಪಾತ್ರದವನಿಗೆ ಕರಿ ಎರಡರ ಶ್ರುತಿ ಏರುವುದಿಲ್ಲ, ಮಾಸ್ತರರು ಬಿಳಿ ಒಂದಕ್ಕೆ ಇಳಿಸುತ್ತಾರೆ. ಇಳಿಸಿದ ಮೇಲೆ ಮಟ್ಟಿನ ಬಿರುಸು ಹೋಯಿತೆಂದು ಗೋಡೆಗೆ ಒರಗಿ ಕೂತ ಹಿರಿಯರೊಬ್ಬರು ಗೊಣಗುತ್ತಾರೆ. ಹೊರಗೆ ಕಿಟಕಿಯ ಹತ್ತಿರ ನಿಂತವರೂ ಸುಮ್ಮನಿರುವುದಿಲ್ಲ. ಮಾರನೆಯ ದಿನ ಚಹಾದ ಅಂಗಡಿಯಲ್ಲಿ ಅದೇ ಮಾತು. ನಾಟಕ ಇನ್ನೂ ಎಷ್ಟೋ ದೂರವಿರುತ್ತದೆ, ಪದದ ಮೇಲೆ ಊರು ಎರಡಾಗಿರುತ್ತದೆ. ಸ್ತ್ರೀ ಪಾತ್ರದ ಕಲಾವಿದೆಯರು ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಬರುವುದು ಕಡೆಯ ಹೊತ್ತಿಗೆ. ಅವರಿಗೆ ಪದಗಳೆಲ್ಲ ನಾಲಿಗೆಯ ಮೇಲೇ ಇರುತ್ತವೆ. ಅವರು ಬಂದು ತಮ್ಮ ಶ್ರುತಿ ಹೇಳಿ, ಒಂದು ಸಲ ಹಾಡಿದರೆ ಅಲ್ಲಿಯವರೆಗಿನ ವಾದದಲ್ಲಿ ಅರ್ಧ ತಾನೇ ಇತ್ಯರ್ಥವಾಗುತ್ತದೆ. ಹಾಡು ಏನಾಗಬೇಕಿತ್ತು ಎಂಬುದು ಆಗ ಎಲ್ಲರಿಗೂ ಕಾಣುತ್ತದೆ.

ತಾಲೀಮಿನ ಪದವನ್ನು ಟೀಕಿಸಬಾರದು ಎಂಬ ಪಕ್ಷ ನನ್ನದಲ್ಲ. ಟೀಕಿಸಲೇಬೇಕು, ತಿದ್ದಲು ಸಮಯವಿರುವುದು ಆಗಲೇ. ಆದರೆ ಟೀಕಿಸುವವನು ಆ ಪದ ಅಟ್ಟದ ಮೇಲೆ ಹೇಗೆ ನಿಲ್ಲುತ್ತದೆಂದು ಮನಸ್ಸಿನಲ್ಲಿ ಕಂಡು ಟೀಕಿಸಬೇಕು. ಬರೀ ಕಿವಿಯಿಂದ ಕೇಳಿದರೆ ಸಾಲದು. ಗದೆಯ ಭಾರ, ಕಿರೀಟದ ಭಾರ, ಬೆಳಗಿನ ಜಾವದ ನಿದ್ದೆ, ಎಲ್ಲದರ ನಡುವೆ ಆ ಪದ ಎದ್ದು ನಿಲ್ಲಬೇಕು.

ನ್ಯೂಯಾರ್ಕಿನಲ್ಲಿ ಸ್ಪೈಡರ್‌ಮ್ಯಾನ್ ನಾಟಕ ಮಾಡಿದವರು ಇದೇ ತಾಲೀಮನ್ನು ದುಡ್ಡು ಕೊಟ್ಟು ಬಂದ ಪ್ರೇಕ್ಷಕರ ಎದುರಿಗೇ ಮಾಡಿದರು. ಯೂ-ಟೂ ತಂಡದ ಬೋನೋ ಮತ್ತು ದಿ ಎಡ್ಜ್ ಸಂಗೀತ ಕೊಟ್ಟರು. ಖರ್ಚು ಏಳೂವರೆ ಕೋಟಿ ಡಾಲರ್. 2010ರ ನವೆಂಬರ್ 28ರಂದು ಮೊದಲ ಪೂರ್ವಪ್ರದರ್ಶನ, ಅಂಥವು 182 ಆದ ಮೇಲೆ 2011ರ ಜೂನ್ 14ಕ್ಕೆ ನಾಟಕ ವಿಧಿವತ್ತಾಗಿ ಶುರು. ಹಗ್ಗ ಕಟ್ಟಿ ಪ್ರೇಕ್ಷಕರ ತಲೆಯ ಮೇಲೆ ಹಾರಿಸುವ ಯಂತ್ರಗಳು ಕೈಕೊಟ್ಟವು, ನಟರು ಬಿದ್ದು ಗಾಯಗೊಂಡರು, ನಿರ್ದೇಶಕಿ ಜೂಲಿ ಟೇಮರ್ ನಡುವೆಯೇ ಹೊರನಡೆಯಬೇಕಾಯಿತು. 2014ರ ಜನವರಿ 4ಕ್ಕೆ ಭಾರೀ ನಷ್ಟದಲ್ಲಿ ಅದು ನಿಂತಿತು. ಅದಕ್ಕೂ ಬಹಳ ಮೊದಲು, 1966ರಲ್ಲಿ, ಸೂಪರ್‌ಮ್ಯಾನ್ ಬ್ರಾಡ್‌ವೇಯಲ್ಲಿ ಹಾಡಿದ್ದ. 129 ಪ್ರದರ್ಶನಕ್ಕೆ ಆ ಆಟವೂ ಮುಗಿಯಿತು.

ಹಾರುವ ವೀರನ ವಿಷಯ ಬಂದಾಗ ನಾಡೋಜ ಬೆಳಗಲ್ಲು ವೀರಣ್ಣನವರ ತೊಗಲುಬೊಂಬೆಯ ಹನುಮಂತನನ್ನು ನೆನೆಯದಿರಲು ನನ್ನಿಂದಾಗದು. ಒಂದು ಬಿಳಿ ಪರದೆ, ಹಿಂದೆ ಒಂದು ದೀಪ, ಕೈಯಲ್ಲಿ ಬಣ್ಣ ಹಾಕಿದ ತೊಗಲಿನ ಬೊಂಬೆ. ಕಡ್ಡಿಯನ್ನು ಪರದೆಯಿಂದ ಸ್ವಲ್ಪ ಹಿಂದಕ್ಕೆ ಎಳೆದರೆ ಹನುಮಂತ ಬೆಳೆಯುತ್ತಾನೆ, ಪರದೆಗೆ ಒತ್ತಿದರೆ ತನ್ನ ಅಳತೆಗೆ ಬರುತ್ತಾನೆ, ಓರೆ ಮಾಡಿ ತೇಲಿಸಿದರೆ ಸಮುದ್ರ ದಾಟುತ್ತಾನೆ. ಜೊತೆಗೆ ಪದ. ಮಗುವಿನಿಂದ ಮುದುಕರವರೆಗೆ ಯಾರೊಬ್ಬರಿಗೂ ಅವನು ಹಾರಿದ್ದರ ಬಗ್ಗೆ ಸಂಶಯವಿರುವುದಿಲ್ಲ, ಏಕೆಂದರೆ ಅವನನ್ನು ಎತ್ತಿ ಹಿಡಿದದ್ದು ಪದ. ವೀರಣ್ಣನವರು ನಾಟಕದಲ್ಲೂ ಪಳಗಿದ್ದವರು, ರಂಗಗೀತೆಯ ಸೊಗಸು ಅವರ ಬೊಂಬೆಯಾಟದೊಳಗೆ ಹರಿದುಬಂತು. ರಾಮಾಯಣದ ಬೊಂಬೆಗಳ ಜೊತೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಅವರು ಅದೇ ಪರದೆಗೆ ತಂದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು.

ದೊಡ್ಡ ಖರ್ಚಿನ ರಂಗಸಜ್ಜಿಕೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು, ಜನ ಮುಗಿಬಿದ್ದು ನೋಡಿದರು. ಆದರೆ ಆ ಆನೆಗಳು ಹಾಡಿನ ಹಿಂದೆ ನಿಂತಿದ್ದವು.

ನಮ್ಮ ನೆಲಕ್ಕೆ ತನ್ನದೇ ಒಬ್ಬ ಮಹಾವೀರನಿದ್ದಾನೆ, ಕುಮಾರರಾಮ. ಕಂಪಿಲರಾಯನ ಮಗ. ದೆಹಲಿಯ ತುಘಲಕನ ಸೇನೆಯ ಎದುರು 1327ರ ಸುಮಾರಿಗೆ ಕಂಪಿಲಿ ರಾಜ್ಯ ಬಿತ್ತು, ಅವನ ಕಥೆ ಮಾತ್ರ ಬೀಳಲಿಲ್ಲ. ಸಂಡೂರು ಸೀಮೆಯ ಬುರ್ರಕಥೆ ಈರಮ್ಮ, ದರೋಜಿಯ ಆ ತಾಯಿ, ಅಕ್ಷರ ಕಲಿಯದೆಯೇ ಕುಮಾರರಾಮನ ಕಾವ್ಯವನ್ನು ಪೂರ್ತಿ ಹಾಡುತ್ತಿದ್ದರು. ಅವರು 2014ರ ಆಗಸ್ಟ್‌ನಲ್ಲಿ ಹೋದರು. ಅವರ ಹಾಡು ಹೋಗಲಿಲ್ಲ, ಏಕೆಂದರೆ ವಿದ್ವಾಂಸರು ಎದುರು ಕೂತು ಹಾಡಿಸಿ, ಧ್ವನಿ ಹಿಡಿದು, ಬರೆದು, ಅಚ್ಚು ಹಾಕಿಸಿದರು. ಹಾಡಿಸಿ ಇಟ್ಟುಕೊಂಡದ್ದು ಉಳಿಯಿತು. ಸ್ಟೈನ್‌ಮನ್‌ನ ವಿಷಯದಲ್ಲೂ ಆದದ್ದು ಇಷ್ಟೇ.

ನನ್ನ ಮಾತಿನ ತಿರುಳು ಇಲ್ಲಿದೆ. ಆಡದೆ ಉಳಿದ ನಾಟಕದ ಹಾಡೊಂದು ಅಮೆರಿಕದಿಂದ ಸಿರಿಗೇರಿಗೆ ಬಂದು ನಮ್ಮ ಹುಡುಗರನ್ನು ವಾದಕ್ಕೆ ಹಚ್ಚುತ್ತದೆ. ಆದರೆ ಸಿರಿಗೇರಿಯಲ್ಲೂ ಸುತ್ತಿನ ತೆಕ್ಕಲಕೋಟೆ, ಕುರುಗೋಡಿನ ಕಡೆಯೂ ಎಷ್ಟೋ ವರ್ಷ ನಡೆದ ತಾಲೀಮುಗಳಲ್ಲಿ ಮಾಸ್ತರರು ಕಟ್ಟಿದ, ತಿದ್ದಿದ, ಬಿಟ್ಟುಬಿಟ್ಟ ಪದಗಳು ಆ ರಾತ್ರಿಗಳ ಜೊತೆಗೇ ಮುಗಿದುಹೋದವು. ಒಬ್ಬ ಪೆಟ್ಟಿಗೆ ಮಾಸ್ತರರು ತೀರಿಕೊಂಡರೆ ಅವರ ಬೆರಳಲ್ಲಿದ್ದ ಮಟ್ಟುಗಳೂ ಹೋಗುತ್ತವೆ. ಮನೆಯವರ ಹತ್ತಿರ ಉಳಿಯುವುದು ಅರ್ಧ ಹರಿದ ಕೈಬರಹದ ಒಂದು ಪುಸ್ತಕ. ಅದರಲ್ಲಿ ಪದ ಇರುತ್ತದೆ, ಹಾಡುವ ದಾರಿ ಇರುವುದಿಲ್ಲ. ಇದು ನನ್ನನ್ನು ನಿಜಕ್ಕೂ ಸಂಕಟಪಡಿಸುವ ಸಂಗತಿ. ನಾಟಕದ ದಿನ ಎಲ್ಲರೂ ಮೊಬೈಲ್ ಎತ್ತಿ ವಿಡಿಯೊ ಹಿಡಿಯುತ್ತಾರೆ. ಮೈಕಿನ ಗದ್ದಲ, ಸಿಳ್ಳೆ, ಆಹೇರಿ ಕೊಟ್ಟವರ ಹೆಸರು ಕೂಗುವ ಸದ್ದು, ಎಲ್ಲ ಸೇರಿ ಪದವೇ ಸರಿಯಾಗಿ ಕೇಳುವುದಿಲ್ಲ. ಪದ ಬಿಡಿಬಿಡಿಯಾಗಿ, ಸ್ವಚ್ಛವಾಗಿ, ತಪ್ಪು ತಿದ್ದಿಕೊಳ್ಳುತ್ತ ಕೇಳಿಬರುವುದು ತಾಲೀಮಿನಲ್ಲೇ. ಅಲ್ಲಿ ಯಾರೂ ಮೊಬೈಲ್ ಎತ್ತುವುದಿಲ್ಲ.

ಆದ್ದರಿಂದ ಹಾಡಿಗಾಗಿ ಜಗಳಾಡುವ ನಮ್ಮ ಹುಡುಗರಲ್ಲಿ ನನ್ನದೊಂದು ಬೇಡಿಕೆ. ವಾದ ಬಿಡಬೇಡಿ, ಅದು ಹಾಡನ್ನು ಪ್ರೀತಿಸುವವರ ಲಕ್ಷಣ. ಮುಂದಿನ ನಾಟಕದ ತಾಲೀಮು ಶುರುವಾದಾಗ ಮಾಸ್ತರರ ಅನುಮತಿ ಕೇಳಿ, ಮೊಬೈಲನ್ನು ಹಾರ್ಮೋನಿಯಂ ಪಕ್ಕದಲ್ಲಿಟ್ಟು ಪದಗಳನ್ನು ಹಿಡಿಯಿರಿ. ದಿನಾಂಕ, ಊರು, ಪದ ಯಾರದ್ದು, ಮಟ್ಟು ಎಲ್ಲಿಯದು, ಯಾವ ಶ್ರುತಿ ಎಂಬುದನ್ನು ಮೊದಲಿಗೇ ಬಾಯಿಬಿಟ್ಟು ಹೇಳಿ ಆಮೇಲೆ ಹಾಡಿಸಿರಿ. ಒಂದು ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿಡಿ, ಇನ್ನೊಂದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಬಾಗಲಕೋಟೆಯ ಬಯಲಾಟ ಅಕಾಡೆಮಿಗೋ ಕಳಿಸಿ. ವಯಸ್ಸಾದ ಮಾಸ್ತರರು ನಿಮ್ಮ ಊರಲ್ಲಿದ್ದರೆ ನಾಟಕಕ್ಕಾಗಿ ಕಾಯಬೇಡಿ, ಈ ವಾರವೇ ಅವರ ಮನೆಗೆ ಹೋಗಿ.